ಅಡ್ವಾನ್ಸ್ ವಾಪಸಿನ ಜಗಳ ಬೇಡವೆಂದರೆ, ಕೀ ಕೊಡುವ ದಿನವೇ ಮಾಡಬೇಕಾದ ಕೆಲಸ

ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಮೂರ್ನಾಲ್ಕು ಪೋರ್ಷನ್ ಕಟ್ಟಿ ಬಾಡಿಗೆಗೆ ಕೊಟ್ಟವರಿಗೆ ತಿಂಗಳ ಬಾಡಿಗೆ ವಸೂಲಿ ಅಷ್ಟೊಂದು ತಲೆನೋವಲ್ಲ. ಮಾತಿಗೆ ಮಾತು ಬೆಳೆಯುವುದು ಮನೆ ಖಾಲಿ ಮಾಡುವ ದಿನ. ಗೋಡೆಯ ತೂತು ಯಾರದ್ದು, ಕರೆಂಟು ಎಷ್ಟು ಬಾಕಿ, ಪೇಂಟಿಂಗಿಗೆ ಎಷ್ಟು ಹಿಡಿಯಬೇಕು ಅನ್ನುವ ಮೂರೇ ವಿಷಯಕ್ಕೆ. ಇವಕ್ಕೆಲ್ಲ ನಾನು ಕೀ ಕೊಡುವ ದಿನವೇ ಉತ್ತರ ಬರೆದಿಡುತ್ತೇನೆ.

ಕರಾರು 11 ತಿಂಗಳಿಗೆ ಮಾಡಿಕೊಳ್ಳುವುದು ಎಲ್ಲರಿಗೂ ರೂಢಿ. ಒಂದು ವರ್ಷ ಮೀರುವ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟ್ರೇಷನ್ ಕಡ್ಡಾಯ, ಅದಕ್ಕೆ ಈ 11. ಆದರೆ ಅವಧಿ ಮುಗಿದ ಮೇಲೂ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಕರಾರಿನಲ್ಲಿ ಬೇರೆ ಬರೆಯದಿದ್ದರೆ ಬಿಡಿಸಲು 15 ದಿನದ ನೋಟಿಸ್ ಸಾಕು ಅನ್ನುತ್ತದೆ ಆಸ್ತಿ ವರ್ಗಾವಣೆ ಕಾಯ್ದೆ. 15 ದಿನದಲ್ಲಿ ಸಂಸಾರವಂದಿಗರಿಗೆ ಮನೆ ಸಿಗುವುದಿಲ್ಲ, ನಮಗೂ ಹೊಸಬರು ಸಿಗುವುದಿಲ್ಲ. ಹಾಗಾಗಿ ಎರಡೂ ಕಡೆಯಿಂದ ಒಂದು ತಿಂಗಳ ನೋಟಿಸ್, ಪ್ರತಿ 11 ತಿಂಗಳಿಗೆ ಶೇ 5 ಏರಿಕೆ, ಬಾಡಿಗೆ 5ನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೆ, ಇಷ್ಟನ್ನೂ ಇ-ಸ್ಟಾಂಪ್ ಪೇಪರಿನ ಕರಾರಿನಲ್ಲೇ ಬರೆಸುತ್ತೇನೆ. ವರ್ಷಕ್ಕೆ 1 ಲಕ್ಷ ಮೀರಿ ಬಾಡಿಗೆ ಕೊಡುವ ನೌಕರರು ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಮೇಲಿನ ತೆರಿಗೆ ರಿಯಾಯಿತಿಗೆ ಓನರ್ ಪ್ಯಾನ್ ಕೇಳುತ್ತಾರೆ. ಅದನ್ನೂ ಕರಾರಿನಲ್ಲೇ ನಮೂದಿಸಿದರೆ ಮಾರ್ಚ್ ತಿಂಗಳಿನಲ್ಲಿ ಓಡಾಟ ಇರುವುದಿಲ್ಲ.

ಕೀ ಕೊಡುವ ದಿನ ಅರ್ಧ ಗಂಟೆ ಬಾಡಿಗೆದಾರರ ಜೊತೆಯಲ್ಲೇ ಮನೆ ಸುತ್ತುತ್ತೇನೆ. ಅವರ ಫೋನಿನಲ್ಲೇ ವಿಡಿಯೊ ಮಾಡಿಸಿ ನನಗೆ ಕಳಿಸಲು ಹೇಳುತ್ತೇನೆ. ಅವರೇ ತೆಗೆದ ವಿಡಿಯೊ ಮೇಲೆ ಆಮೇಲೆ ಯಾರೂ ಅನುಮಾನ ಪಡುವುದಿಲ್ಲ. ಮೀಟರ್ ರೀಡಿಂಗ್, ಕರೆಂಟು ಬಿಲ್ಲಿನ ಆರ್‌ಆರ್ ನಂಬರ್, ಈಗಾಗಲೇ ಇರುವ ಮೊಳೆ ತೂತುಗಳು, ವಾರ್ಡ್‌ರೋಬ್ ಬಾಗಿಲು, ಸಿಂಕಿನ ಕೆಳಗಿನ ಪೈಪು ಎಲ್ಲವೂ ಅದರಲ್ಲಿ ಬರಬೇಕು. ಫ್ಯಾನ್, ಟ್ಯೂಬ್‌ಲೈಟ್, ಗೀಸರ್, ಕೀಗಳ ಸಂಖ್ಯೆ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ.

ಫ್ಲಶ್ ಟ್ಯಾಂಕನ್ನು ಮಾತ್ರ ನೋಡಿದರೆ ಸಾಲದು, ಪರೀಕ್ಷೆ ಮಾಡಬೇಕು. ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ ಬಿಟ್ಟು, ಫ್ಲಶ್ ಮಾಡದೆ 20 ನಿಮಿಷ ಬಿಡಿ. ಕಮೋಡಿನೊಳಗೆ ನೀಲಿ ಇಳಿದು ಬಂದಿದ್ದರೆ ಒಳಗಿನ ರಬ್ಬರ್ ವಾಷರ್ ಸವೆದಿದೆ ಎಂದರ್ಥ. ಈ ಸೋರಿಕೆಗೆ ಸದ್ದಿರುವುದಿಲ್ಲ. ಆದರೆ ಓವರ್‌ಹೆಡ್ ಟ್ಯಾಂಕು ರಾತ್ರೋರಾತ್ರಿ ಖಾಲಿಯಾಗಿ, ನೀರು ಜಾಸ್ತಿ ಖರ್ಚು ಮಾಡುತ್ತೀರಿ ಎಂದು ಮೇಲಿನ ಮನೆಯವರೂ ಕೆಳಗಿನವರೂ ಒಬ್ಬರನ್ನೊಬ್ಬರು ದೂರುತ್ತಿರುತ್ತಾರೆ. ಹೊಸ ವಾಷರ್‌ಗೆ ತಗಲುವ ಖರ್ಚು ಒಂದು ಟ್ಯಾಂಕರ್ ನೀರಿನ ಮುಂದೆ ಏನೂ ಅಲ್ಲ.

ಗೀಸರ್ ಇನ್ನೊಂದು. 2,000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟಿಗೆ ಹಾಕಿದರೆ ಪ್ಲಗ್ ಕರಗುತ್ತದೆ. 16 ಆಂಪಿಯರ್ ಸಾಕೆಟ್ ಇರಲೇಬೇಕು. ಬೋರ್ ನೀರಿದ್ದ ಕಡೆ ಒಳಗಿನ ಕಾಯಿಲಿಗೆ ಸುಣ್ಣದ ಪದರ ಕಟ್ಟಿ ಅದು ಸುಟ್ಟುಹೋಗುತ್ತದೆ. ಅದು ನೀರಿನ ದೋಷ, ಬಾಡಿಗೆದಾರರ ತಪ್ಪಲ್ಲ. ಅದರ ಖರ್ಚು ನನ್ನದೇ ಎಂದು ಹಾಳೆಯಲ್ಲಿ ಬರೆದಿರುತ್ತೇನೆ. ಬಲ್ಬು, ನಲ್ಲಿಯ ವಾಷರ್, ಕಟ್ಟಿಕೊಂಡ ಸಿಂಕು ಅವರದ್ದು. ಗೋಡೆಯೊಳಗಿನ ಪೈಪು, ವೈರಿಂಗು, ಮೋಟರು ನನ್ನದು. ಬೆಸ್ಕಾಂ ಬಿಲ್ಲಿನಲ್ಲಿ ಹೆಚ್ಚುವರಿ ಭದ್ರತಾ ಠೇವಣಿ ಬಂದರೂ ನಾನೇ ಕಟ್ಟುತ್ತೇನೆ. ಆ ಹಣ ಮೀಟರಿನ ಖಾತೆಯಲ್ಲೇ ಉಳಿಯುತ್ತದೆ, ಬಾಡಿಗೆದಾರರು ಅದನ್ನು ಕೊಂಡೊಯ್ಯಲಾಗುವುದಿಲ್ಲ.

ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ನನಗೆ ಒಪ್ಪುವುದಿಲ್ಲ. ಐದು ವರ್ಷ ಇದ್ದವರಿಗೂ ಹತ್ತು ತಿಂಗಳು ಇದ್ದವರಿಗೂ ಒಂದೇ ಕಡಿತ ಯಾವ ನ್ಯಾಯ? ಬಣ್ಣದ ಆಯುಸ್ಸು 36 ತಿಂಗಳು ಎಂದು ಹಿಡಿಯುತ್ತೇನೆ. ಖರ್ಚು 18,000 ಆಗಿದ್ದು, 12 ತಿಂಗಳಿಗೆ ಖಾಲಿ ಮಾಡಿದರೆ ಉಳಿದ 24 ತಿಂಗಳ ಪಾಲು 12,000 ಅವರ ಅಡ್ವಾನ್ಸಿನಿಂದ ಹಿಡಿಯುತ್ತೇನೆ. 36 ತಿಂಗಳು ದಾಟಿದರೆ ಒಂದು ರೂಪಾಯಿಯೂ ಇಲ್ಲ. ಬಣ್ಣ ಎಷ್ಟು ಬೇಕೆಂಬುದಕ್ಕೆ ಅಂದಾಜು ಸುಲಭ: 10 ಅಡಿ ಎತ್ತರದ 10×12 ರೂಮಿನ ಗೋಡೆ 440 ಚದರಡಿ, ಸೀಲಿಂಗ್ 120. ಬಾಗಿಲು ಕಿಟಕಿಗೆ 40 ಕಳೆದರೆ 520. ಎರಡು ಕೋಟ್ ಬಳಿಯಲು ಲೀಟರಿಗೆ ಸುಮಾರು 65 ಚದರಡಿಯಂತೆ 8 ಲೀಟರ್ ಬೇಕು. ಈ ಲೆಕ್ಕ ಮುಂದಿಟ್ಟರೆ ಪೇಂಟರ್ ಹೇಳಿದ ರೇಟನ್ನು ಯಾರೂ ಕಣ್ಮುಚ್ಚಿ ಒಪ್ಪಬೇಕಾಗಿಲ್ಲ.

ಅಡ್ವಾನ್ಸ್ ಹಣವನ್ನು ಬೇರೆ ಖಾತೆಯಲ್ಲಿ ಎಫ್‌ಡಿ ಇಡುವುದು ಮುಖ್ಯ. ಅದು ನಮ್ಮ ಹಣವಲ್ಲ. ಹೊಸಬರು ಬಂದು ಕೊಟ್ಟ ಮೇಲೆ ಹಳಬರಿಗೆ ಕೊಡುತ್ತೇನೆ ಅನ್ನುವವರಿಂದಲೇ ಹೆಚ್ಚಿನ ಜಗಳ. ಬಾಕಿ ಉಳಿಸಿಕೊಂಡವರ ನೀರು, ಕರೆಂಟು ಕತ್ತರಿಸುವುದು ಕಾನೂನಿಗೆ ವಿರುದ್ಧ, ಆ ದಾರಿ ಬೇಡವೇ ಬೇಡ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಲಿಖಿತ ನೋಟಿಸ್ ಕೊಟ್ಟು ಸಿವಿಲ್ ಕೋರ್ಟಿಗೇ ಹೋಗಬೇಕು. ಅದು ವರ್ಷಗಟ್ಟಲೆ ಎಳೆಯಬಹುದು, ಹಾಗಾಗಿ ಎರಡನೇ ತಿಂಗಳ ಬಾಡಿಗೆ ಬಾಕಿಯಾದಾಗಲೇ ಕೂತು ಮಾತಾಡಬೇಕು, ಅಡ್ವಾನ್ಸ್ ಕರಗುವವರೆಗೆ ಕಾಯಬಾರದು.

ಖಾಲಿ ಮಾಡುವ ದಿನ ಅದೇ ವಿಡಿಯೊ, ಅದೇ ಹಾಳೆ ಹಿಡಿದು ಸುತ್ತುತ್ತೇವೆ. ಸಾಮಾನು ಪೂರ್ತಿ ಇಳಿದ ಮೇಲೆ, ಹಗಲು ಬೆಳಕಿನಲ್ಲಿ. ಕಡಿತದ ಪಟ್ಟಿಗೆ ಇಬ್ಬರ ಸಹಿಯಾದ ಕೂಡಲೇ, ಅಲ್ಲೇ ನಿಂತು ಹಣ ವರ್ಗಾಯಿಸುತ್ತೇನೆ. ಹೊರಡುವ ಮುಂಚೆ ಗೃಹಜ್ಯೋತಿಗೆ ಜೋಡಿಸಿದ ಅವರ ಆಧಾರ್ ಅನ್ನು ಆ ಆರ್‌ಆರ್ ನಂಬರಿನಿಂದ ತೆಗೆಸಲು ಹೇಳಿ, ಆಗಿದೆಯೇ ಎಂದು ನೋಡಿಕೊಳ್ಳಿ. ಅದು ಹಾಗೇ ಉಳಿದರೆ ಮುಂದೆ ಬರುವವರ ಅರ್ಜಿ ಮುಂದಕ್ಕೆ ಹೋಗುವುದಿಲ್ಲ, ಹೊಸ ಊರಿಗೆ ಹೋದ ಹಳಬರನ್ನು ಫೋನಿನಲ್ಲಿ ಹುಡುಕುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.