ಸೀಟಿನ ಕೆಳಗೆ ಮಾತ್ರ ಇಡಬೇಡಿ: ಬೈಕಿಗೆ ಗುಟ್ಟಿನ ಟ್ರ್ಯಾಕರ್ ಆರಿಸುವುದು ಹೇಗೆ?

ಹೋದ ವರ್ಷ ಬಸವಕಲ್ಯಾಣದಲ್ಲಿ ನಮ್ಮ ಮನೆಯವರದ್ದೊಂದು ಮದುವೆ. ಎಂಟು ದಿನ ಗಾಡಿಯನ್ನು ಕಲಬುರಗಿಯ ಮನೆ ಮುಂದೆಯೇ ಬಿಟ್ಟು ಹೋಗಿದ್ದೆ. ಹೊಸದಾಗಿ ಟ್ರ್ಯಾಕರ್ ಹಾಕಿಸಿದ್ದೆನಲ್ಲ, ಆ ಧೈರ್ಯ. ದಿನಾ ಫೋನಿನಲ್ಲಿ ನೋಡುತ್ತಿದ್ದೆ, ಗಾಡಿ ಅಲ್ಲೇ ಇರುತ್ತಿತ್ತು. ನಾಲ್ಕನೇ ದಿನ ಮ್ಯಾಪಿನ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು. ಎದೆ ಧಸಕ್ಕೆಂದಿತು. ಪಕ್ಕದ ಮನೆ ಕಾಕಾಗೆ ಫೋನ್ ಮಾಡಿದರೆ, "ಗಾಡಿ ಇಲ್ಲೇ ಅದ ಅಲ್ಲೊ ತಮ್ಮಾ, ಮ್ಯಾಲ ಬೆಕ್ಕು ಮಕ್ಕೊಂಡದ" ಅಂದರು.

ಕಳ್ಳ ಬಂದಿರಲಿಲ್ಲ. ಟ್ರ್ಯಾಕರೇ ಗಾಡಿಯ ಬ್ಯಾಟರಿಯನ್ನು ಕುಡಿದು ಮುಗಿಸಿ, ಕೊನೆಗೆ ತಾನೂ ಮಲಗಿತ್ತು.

ಅಂಗಡಿಯಲ್ಲಿ ನಾನು ಕೇಳಿದ್ದೆಲ್ಲ ಆ್ಯಪ್ ಹೇಗಿದೆ, ಅಲಾರಂ ಎಷ್ಟು ಇವೆ ಅಂತ. ಕೇಳಬೇಕಾಗಿದ್ದು ಒಂದೇ: ಗಾಡಿ ನಿಂತಾಗ ಇದು ಎಷ್ಟು ದಿನ ಎಚ್ಚರವಾಗಿರುತ್ತದೆ? ಕಳ್ಳ ಬರುವುದು ನಿಂತ ಗಾಡಿಗೆ ತಾನೆ.

ಮೊದಲು, ಡಬ್ಬಿಯೋ ಟ್ಯಾಗೋ?

ಪೇಟೆಯಲ್ಲಿ ಎರಡು ಜಾತಿಯ ಸಾಧನ ಸಿಗುತ್ತವೆ. ಎರಡನ್ನೂ ಅಂಗಡಿಯವರು ಟ್ರ್ಯಾಕರ್ ಅಂತಲೇ ಕರೆಯುತ್ತಾರೆ.

ಒಂದು, ಸಿಮ್ ಇರುವ ಜಿಪಿಎಸ್ ಡಬ್ಬಿ. ಉಪಗ್ರಹಕ್ಕೆ ನಿಮ್ಮ ಗಾಡಿ ಎಲ್ಲಿದೆ ಅಂತ ಗೊತ್ತೇ ಇರುವುದಿಲ್ಲ. ಅದು ಸುಮ್ನೆ ಸಿಗ್ನಲ್ ಕಳಿಸುತ್ತದೆ. ಡಬ್ಬಿ ಆ ಸಿಗ್ನಲ್ ಹಿಡಿದು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಸಿಮ್ ಮೂಲಕ ನಿಮ್ಮ ಫೋನಿಗೆ ಮುಟ್ಟಿಸುತ್ತದೆ. ಸಿಮ್ ಸತ್ತರೆ ಡಬ್ಬಿಗೆ ಎಲ್ಲಾ ಗೊತ್ತು, ನಿಮಗೆ ಏನೂ ಗೊತ್ತಿಲ್ಲ.

ಇನ್ನೊಂದು, ಏರ್‌ಟ್ಯಾಗ್ ತರಹದ ಬ್ಲೂಟೂತ್ ಟ್ಯಾಗ್. ಇದಕ್ಕೆ ಸಿಮ್ ಬೇಡ, ವೈರಿಂಗ್ ಬೇಡ. ಗುಂಡಿಯಂಥ ಸಣ್ಣ ಸೆಲ್ ಸುಮಾರು ಒಂದು ವರ್ಷ ಬರುತ್ತದೆ. ಆದರೆ ಇದಕ್ಕೆ ಸ್ವಂತ ಬಾಯಿಲ್ಲ. ಹತ್ತಿರ ಹಾದುಹೋಗುವ ಬೇರೆಯವರ ಫೋನುಗಳೇ ಇದರ ಜಾಗವನ್ನು ತಿಳಿಸಬೇಕು. ಆಪಲ್ ಟ್ಯಾಗಿಗೆ ಆಪಲ್ ಫೋನುಗಳೇ ಬೇಕು. ಆಂಡ್ರಾಯ್ಡ್ ಫೋನುಗಳಿಗೂ 2024ರಲ್ಲಿ ಗೂಗಲ್ ಇಂಥದ್ದೇ ಜಾಲ ತೆರೆಯಿತು. ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಟ್ಯಾಗ್ ಚೆನ್ನಾಗಿ ಕೆಲಸ ಮಾಡಬಹುದು. ಚಿಂಚೋಳಿ ಕಡೆ ತೊಗರಿ ಹೊಲದ ಬದುವಿನಲ್ಲಿ ಗಾಡಿ ಬಿದ್ದಿದ್ದರೆ ಯಾರ ಫೋನು ಹಾದುಹೋಗುತ್ತದೆ, ಹೇಳಿ?

ಟ್ಯಾಗಿಗೆ ಇನ್ನೊಂದು ತೊಡಕಿದೆ. ಹೆಣ್ಣುಮಕ್ಕಳ ಹಿಂದೆ ಗುಟ್ಟಾಗಿ ಬೀಳುವವರನ್ನು ತಡೆಯಲು, ಗುರುತಿಲ್ಲದ ಟ್ಯಾಗ್ ಜೊತೆಗೇ ಬರುತ್ತಿದ್ದರೆ ಫೋನು ಎಚ್ಚರಿಸುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಆ ಎಚ್ಚರಿಕೆ ಕಳ್ಳನ ಫೋನಿಗೂ ಹೋಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಡಬ್ಬಿಯೇ ಮುಖ್ಯ. ಕೈಯಲ್ಲಿ ದುಡ್ಡಿದ್ದರೆ ಟ್ಯಾಗ್ ಜೊತೆಗಿರಲಿ.

ಆಮೇಲೆ ಸಿಮ್

ಅಗ್ಗದ ಡಬ್ಬಿಗಳಲ್ಲಿ ಹಲವು ಇನ್ನೂ 2ಜಿಯವು. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಆ ಡಬ್ಬಿಗೆ ಜಿಯೋ ಸಿಮ್ ಹಾಕಿದರೆ ಅದು ಮಾತೇ ಆಡುವುದಿಲ್ಲ. ಸ್ವಲ್ಪ ಜಾಸ್ತಿ ಕೊಟ್ಟಾದರೂ 4ಜಿಯದ್ದನ್ನೇ ತೆಗೆದುಕೊಳ್ಳಿ. ಗಾಡಿ ಹೆಚ್ಚು ನಿಲ್ಲುವ ಕಡೆ, ಅದು ಮನೆಯಾಗಲಿ ಹೊಲವಾಗಲಿ, ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆಯೋ ಆ ಸಿಮ್ಮೇ ಇರಲಿ. ಸಿಗ್ನಲ್ ಇಲ್ಲದಾಗ ದಾರಿಯನ್ನು ನೆನಪಿಟ್ಟುಕೊಂಡು, ಸಿಕ್ಕ ಮೇಲೆ ಕಳಿಸುವ ಡಬ್ಬಿಗಳೂ ಇವೆ. ಹಳ್ಳಿ ಕಡೆ ಓಡಾಡುವವರು ಅದನ್ನು ಕೇಳಿ ತೆಗೆದುಕೊಳ್ಳಬೇಕು.

ಕೆಲವು ಡಬ್ಬಿಗಳ ಜೊತೆ 13 ಅಂಕಿಯ ನಂಬರ್ ಇರುವ ಸಿಮ್ ಬರುತ್ತದೆ. ಇವು ಯಂತ್ರಗಳಿಗಾಗಿಯೇ ಇರುವ ಸಿಮ್‌ಗಳು. ವರ್ಷದ ಚಂದಾ ಎಷ್ಟು, ಎರಡನೇ ವರ್ಷ ಎಷ್ಟು, ಕಟ್ಟುವುದು ಯಾರಿಗೆ ಅಂತ ಬಿಲ್ ಮೇಲೇ ಬರೆಸಿಕೊಳ್ಳಿ. ಮೊದಲ ವರ್ಷ ಪುಕ್ಕಟೆ ಅಂದವರು ಎರಡನೇ ವರ್ಷದ ಮಾತು ತೆಗೆಯುವುದಿಲ್ಲ.

ಬ್ಯಾಟರಿಯ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನಾನು ಎಡವಿದ್ದು ಇಲ್ಲೇ.

ನೂರು ಸಿಸಿಯ ಸಣ್ಣ ಗಾಡಿಗಳಲ್ಲಿ 12 ವೋಲ್ಟ್‌ನ, 3ರಿಂದ 4 ಆಂಪಿಯರ್ ಅವರ್‌ನ ಪುಟ್ಟ ಬ್ಯಾಟರಿ ಇರುತ್ತದೆ. 3 ಆಂಪಿಯರ್ ಅವರ್ ಅಂದರೆ 3,000 ಮಿಲಿ ಆಂಪಿಯರ್ ಅವರ್. ಡಬ್ಬಿ ಸದಾ ಎಚ್ಚರವಿದ್ದು 30 ಮಿಲಿ ಆಂಪಿಯರ್ ಎಳೆದರೆ, ನೂರು ಗಂಟೆಗೆ ಬ್ಯಾಟರಿ ಖಾಲಿ. ನಾಲ್ಕು ದಿನವಷ್ಟೇ. ಪೂರ್ತಿ ಖಾಲಿಯಾಗುವುದಕ್ಕೂ ಎಷ್ಟೋ ಮೊದಲೇ ಸೆಲ್ಫ್ ಸ್ಟಾರ್ಟ್ ಕೈಕೊಡುತ್ತದೆ. ಅದೇ ಡಬ್ಬಿ ನಿಂತಾಗ ನಿದ್ದೆಗೆ ಜಾರಿ 3 ಮಿಲಿ ಆಂಪಿಯರ್ ಮಾತ್ರ ಎಳೆದರೆ ಸಾವಿರ ಗಂಟೆ, ಅಂದರೆ ನಲವತ್ತು ದಿನ. ಸಾಧನ ನೋಡಲು ಒಂದೇ ತರಹ, ಲೆಕ್ಕ ಮಾತ್ರ ಹತ್ತು ಪಟ್ಟು ಬೇರೆ.

ಆದ್ದರಿಂದ ಡಬ್ಬಿಯ ಕಾಗದದಲ್ಲಿ ನಿದ್ದೆಯಲ್ಲಿದ್ದಾಗ ಎಷ್ಟು ಕರೆಂಟ್ ಅನ್ನುವುದನ್ನು ಹುಡುಕಿ. ಬರೆದಿಲ್ಲದಿದ್ದರೆ ಆ ಡಬ್ಬಿ ಬೇಡ. ಹಾಕಿಸಿದ ಮೇಲೆ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇಟ್ಟು ನೋಡಿಸಬಹುದು, ಐದು ನಿಮಿಷದ ಕೆಲಸ. ನಿದ್ದೆಗೆ ಜಾರಲು ಡಬ್ಬಿಗೆ ಸ್ವಲ್ಪ ಹೊತ್ತು ಬೇಕು. ಕೀ ತೆಗೆದ ತಕ್ಷಣ ಅಳೆದು ಗಾಬರಿಯಾಗಬೇಡಿ.

ಕೆಲವು ಮೆಕ್ಯಾನಿಕ್‌ಗಳು ಇದಕ್ಕೊಂದು ಸುಲಭ ದಾರಿ ಹಿಡಿಯುತ್ತಾರೆ. ಡಬ್ಬಿಯ ಕೆಂಪು ವೈರನ್ನು ಕೀ ಲೈನಿಗೆ ಕೊಟ್ಟುಬಿಡುತ್ತಾರೆ. ಕೀ ತೆಗೆದರೆ ಡಬ್ಬಿಗೆ ಕರೆಂಟೇ ಇಲ್ಲ, ಬ್ಯಾಟರಿ ಉಳಿಯಿತು. ಆದರೆ ಆಮೇಲೆ ಡಬ್ಬಿ ನಡೆಯುವುದು ತನ್ನೊಳಗಿನ ಪುಟ್ಟ ಬ್ಯಾಟರಿಯ ಮೇಲೆ, ಅದೂ ಕೆಲವೇ ಗಂಟೆ. ರಾತ್ರಿ ಹತ್ತಕ್ಕೆ ನಿಲ್ಲಿಸಿದ ಗಾಡಿ ಬೆಳಗಿನ ಜಾವ ಹೋದರೆ ಡಬ್ಬಿ ಆಗಲೇ ಸತ್ತಿರಬಹುದು. ಕೆಂಪು ವೈರ್ ನೇರ ಬ್ಯಾಟರಿಗೆ ಹೋಗಬೇಕು, ಬ್ಯಾಟರಿ ಹತ್ತಿರವೇ ಒಂದು ಸಣ್ಣ ಫ್ಯೂಸ್ ಇರಬೇಕು. ಕೀ ಲೈನಿಗೆ ಹೋಗಬೇಕಾದ್ದು ಗಾಡಿ ಚಾಲೂ ಆಯಿತು ಅಂತ ತಿಳಿಸುವ ಇನ್ನೊಂದು ವೈರ್ ಮಾತ್ರ.

ಹಾಗಂತ ಒಳಗಿನ ಬ್ಯಾಟರಿ ಬೇಡವೇ ಬೇಡ ಅಂತಲ್ಲ. ಕಳ್ಳ ಮೊದಲು ಕೀಳುವುದೇ ಗಾಡಿಯ ಬ್ಯಾಟರಿ ವೈರ್. ಕಿತ್ತ ಕ್ಷಣ "ಕರೆಂಟ್ ಹೋಯಿತು" ಅಂತ ನಿಮಗೆ ಸುದ್ದಿ ಬರಬೇಕು, ಮುಂದಿನ ಒಂದೆರಡು ಗಂಟೆಯಾದರೂ ಡಬ್ಬಿ ಬದುಕಿರಬೇಕು.

ಎಲ್ಲಿ ಬಚ್ಚಿಡುವುದು?

ಸೀಟಿನ ಕೆಳಗೆ, ಬ್ಯಾಟರಿ ಪಕ್ಕದಲ್ಲಿ ಇಡುವುದು ಹಾಕುವವನಿಗೆ ಸುಲಭ. ಕಳ್ಳನಿಗೂ ಅಷ್ಟೇ ಸುಲಭ. ಅವನ ಕೈ ಮೊದಲು ಹೋಗುವುದು ಅಲ್ಲಿಗೇ.

ಜಿಪಿಎಸ್ ಸಿಗ್ನಲ್ ಪ್ಲಾಸ್ಟಿಕ್ ಮತ್ತು ಸೀಟಿನ ಫೋಮ್ ದಾಟಿ ಬರುತ್ತದೆ. ಕಬ್ಬಿಣ ದಾಟುವುದಿಲ್ಲ. ಹಾಗಾಗಿ ಪೆಟ್ರೋಲ್ ಟ್ಯಾಂಕಿನ ಅಡಿ ಬೇಡ. ಹೆಡ್‌ಲೈಟ್ ಡೂಮ್ ಒಳಗೆ, ಹಿಂದಿನ ಟೇಲ್ ಲೈಟ್ ಪ್ಲಾಸ್ಟಿಕ್ ಒಳಗೆ, ಸ್ಕೂಟರ್ ಆದರೆ ಮುಂದಿನ ಪ್ಯಾನೆಲ್ ಹಿಂದೆ ನೋಡಿ. ಬಿಚ್ಚಲು ನಾಲ್ಕೈದು ಸ್ಕ್ರೂ ಬೇಕಾಗುವ ಜಾಗವಾದರೆ ಒಳ್ಳೆಯದು. ಆಂಟೆನಾ ಇರುವ ಮುಖ ಆಕಾಶಕ್ಕಿರಲಿ. ಡಬ್ಬಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಗಾಡಿಯ ವೈರುಗಳ ಕಟ್ಟಿನಲ್ಲೇ ಸೇರಿಸಿದರೆ ಅದೂ ವೈರಿಂಗೇ ಅನ್ನಿಸುತ್ತದೆ. ಮಿಣುಕುವ ಲೈಟ್ ಇದ್ದರೆ ಅದರ ಮೇಲೂ ಟೇಪ್ ಅಂಟಿಸಿ.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ ನೆರಳಿನಲ್ಲೇ 42, 43 ಡಿಗ್ರಿ. ಜಗತ್ ಸರ್ಕಲ್ ಬಳಿ ಮಧ್ಯಾಹ್ನ ನಿಲ್ಲಿಸಿದ ಗಾಡಿಯ ಸೀಟು ಮುಟ್ಟಲೂ ಆಗುವುದಿಲ್ಲ, ಅಲ್ವಾ? ಡಬ್ಬಿಯೊಳಗಿನ ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಎಂಜಿನ್, ಸೈಲೆನ್ಸರ್ ಹತ್ತಿರ ಇಡಲೇಬೇಡಿ. ಒಳಗಿನ ಬ್ಯಾಟರಿ ಉಬ್ಬಿದೆಯಾ ಅಂತ ಪ್ರತಿ ಬೇಸಿಗೆ ಮುಗಿದ ಮೇಲೆ ಒಮ್ಮೆ ತೆಗೆದು ನೋಡಿಸಿ. ನೀರಿಗೆ ಐಪಿ67 ಅಂತ ಗುರುತಿದ್ದರೆ ಸಾಕು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯುತ್ತದೆ ಅಂತ ಅದರ ಅರ್ಥ.

ಹೊಸ ಗಾಡಿಯ ವೈರ್ ಕತ್ತರಿಸಿದರೆ ವಾರಂಟಿಗೆ ತಕರಾರು ಬರಬಹುದು. ಶೋರೂಮಿನಲ್ಲಿ ಕೇಳಿ, ಕತ್ತರಿಸದೆ ಕಪ್ಲರ್‌ನಿಂದ ಜೋಡಿಸುವವರ ಹತ್ತಿರ ಹೋಗಿ.

ಅಲಾರಂ, ಪಾಸ್‌ವರ್ಡ್, ಎಂಜಿನ್ ಬಂದ್

ಗಾಡಿ ಅಲುಗಿದರೆ ಸುದ್ದಿ ಕೊಡುವ ಸೌಲಭ್ಯ ಹಲವು ಡಬ್ಬಿಗಳಲ್ಲಿ ಇರುತ್ತದೆ. ಶರಣಬಸವೇಶ್ವರ ಜಾತ್ರೆಯ ದಿನ ಅದನ್ನು ಚಾಲೂ ಇಟ್ಟು ನೋಡಿ. ತಮ್ಮ ಗಾಡಿ ತೆಗೆಯಲು ಪ್ರತಿಯೊಬ್ಬರೂ ನಿಮ್ಮದನ್ನು ಎತ್ತಿ ಸರಿಸುತ್ತಾರೆ, ಫೋನು ದಿನವಿಡೀ ಕಿರುಚುತ್ತದೆ. ಬೇಸತ್ತು ನೀವೇ ಬಂದ್ ಮಾಡುತ್ತೀರಿ. ಅದಕ್ಕಿಂತ ಗೆರೆ ಹಾಕುವ ಸೌಲಭ್ಯ ಮೇಲು. ನಿಂತ ಜಾಗದಿಂದ ನೂರಿನ್ನೂರು ಮೀಟರ್ ದಾಟಿದರೆ ಮಾತ್ರ ಕೂಗಲಿ. ಕೀ ಹಾಕದೆ ತಳ್ಳಿಕೊಂಡು ಹೋದರೂ ಅದು ಕೂಗಬೇಕು, ಕೊಳ್ಳುವ ಮುಂಚೆ ತಳ್ಳಿ ತೋರಿಸಲು ಹೇಳಿ.

ಫೋನಿನಿಂದಲೇ ಎಂಜಿನ್ ಬಂದ್ ಮಾಡುವ ರಿಲೇ ಕೊಡುತ್ತೇವೆ ಅಂತ ಆಸೆ ಹುಟ್ಟಿಸುತ್ತಾರೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಹುಮನಾಬಾದ್ ರಸ್ತೆಯಲ್ಲಿ ಲಾರಿಯ ಮುಂದೆ ಓಡುತ್ತಿರುವ ಗಾಡಿ ಏಕಾಏಕಿ ನಿಂತರೆ? ರಿಲೇ ಕೆಟ್ಟರೆ ಓಡಿಸುತ್ತಿರುವುದು ಕಳ್ಳನಲ್ಲ, ನೀವು. ಬೇಕೇ ಬೇಕೆಂದರೆ, ವೇಗ ಇಳಿಯುವವರೆಗೆ ಕಾದು ಬಂದ್ ಮಾಡುವಂಥದ್ದನ್ನೇ ನೋಡಿ.

ಇದರಲ್ಲಿ ಪಾಸ್‌ವರ್ಡ್ ಮಾತೂ ಇದೆ. 2022ರ ಜುಲೈನಲ್ಲಿ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ, ಚೀನಾದ ಮೈಕೋಡಸ್ ಕಂಪನಿಯ ಎಂವಿ720 ಎಂಬ ಟ್ರ್ಯಾಕರ್ ಬಗ್ಗೆ ಎಚ್ಚರಿಸಿತ್ತು. ಅದರೊಳಗೇ ಅಡಗಿದ್ದ ಪಾಸ್‌ವರ್ಡಿನಿಂದ ಬೇರೆಯವರು ಗಾಡಿಯ ಜಾಡು ಹಿಡಿಯಬಹುದಿತ್ತು, ಇಂಧನವನ್ನೂ ನಿಲ್ಲಿಸಬಹುದಿತ್ತು. ಅಗ್ಗದ ಡಬ್ಬಿಗಳಲ್ಲಿ ಹಲವಕ್ಕೆ ಕಂಪನಿ ಕೊಟ್ಟ ಪಾಸ್‌ವರ್ಡ್ 123456. ಅಂಗಡಿಯಲ್ಲೇ ನಿಂತು ಬದಲಿಸಿ. ಹಾಕಿಕೊಟ್ಟ ಹುಡುಗನ ಫೋನಿನಲ್ಲಿ ನಿಮ್ಮ ಗಾಡಿ ಇನ್ನೂ ಕಾಣುತ್ತಿದೆಯಾ ಅಂತಲೂ ನೋಡಿ.

ಗಾಡಿ ಹೋದರೆ

ಆಳಂದ ದಾಟಿದರೆ ಮಹಾರಾಷ್ಟ್ರ, ಸೇಡಂ ದಾಟಿದರೆ ತೆಲಂಗಾಣ. ಸಮಯ ಕಡಿಮೆ. ಮೊದಲು 112ಕ್ಕೆ ಫೋನ್ ಮಾಡಿ. ಮ್ಯಾಪಿನ ಸ್ಕ್ರೀನ್‌ಶಾಟ್‌ಗಳನ್ನು ಸಮಯ ಕಾಣುವಂತೆ ತೆಗೆದಿಟ್ಟುಕೊಳ್ಳಿ, ಲೈವ್ ಲಿಂಕನ್ನು ಪೊಲೀಸರಿಗೇ ಕೊಡಿ. ನೀವು ನಾಲ್ಕು ಗೆಳೆಯರನ್ನು ಕಟ್ಟಿಕೊಂಡು ಹೋಗಬೇಡಿ. ಬಯಲಿನಲ್ಲೇ ಚುಕ್ಕೆ ಐದು ಹತ್ತು ಮೀಟರ್ ಆಚೀಚೆ ಆಗುತ್ತದೆ, ಇಕ್ಕಟ್ಟಿನ ಓಣಿಯಲ್ಲಿ ಇನ್ನೂ ಜಾಸ್ತಿ. ತಪ್ಪು ಮನೆಯ ಬಾಗಿಲು ತಟ್ಟಿದರೆ ಜಗಳ ನಿಮ್ಮ ತಲೆಗೇ ಬರುತ್ತದೆ. ಯಾವ ಠಾಣೆಯ ಹದ್ದು ಅಂತ ಅನುಮಾನವಿದ್ದರೆ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು, ಝೀರೋ ಎಫ್‌ಐಆರ್‌ಗೆ ಕಾನೂನಿನಲ್ಲಿ ಅವಕಾಶವಿದೆ.

ಅದೇ ದಿನ ವಿಮೆ ಕಂಪನಿಗೂ ತಿಳಿಸಿ. ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಕಳುವಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ತಿ ವಿಮೆ ಇದ್ದರೂ ಕ್ಲೇಮಿನ ಹೊತ್ತಿಗೆ ಗಾಡಿಯ ಎರಡೂ ಕೀ ಕೇಳುತ್ತಾರೆ. ಎರಡನೇ ಕೀ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ನನ್ನದನ್ನು ಹುಡುಕಲು ಎರಡು ದಿನ ಹಿಡಿಯಿತು.