ಆಲ್ ವೆದರ್ ಟೈರ್ ಎಷ್ಟು ಬಾಳಿಕೆ ಬರುತ್ತದೆ? ವಾಟರ್‌ಲೂನಲ್ಲಿ ಅಳೆದು ನೋಡಿದ ನನ್ನ ಅನುಭವ

ಕೆನಡಾಕ್ಕೆ ಹೊಸದಾಗಿ ಬಂದು ಮೊದಲ ಕಾರು ಕೊಂಡವರು ಸಿಕ್ಕರೆ ಅಕ್ಟೋಬರ್ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಚಳಿಗಾಲಕ್ಕೆ ಅಂತ ಬೇರೆ ಸೆಟ್ ವಿಂಟರ್ ಟೈರ್ ತಗೊಳ್ಳೋದಾ, ಇಲ್ಲ ಆಲ್ ವೆದರ್ ಹಾಕಿಸಿ ವರ್ಷಪೂರ್ತಿ ಓಡಿಸೋದಾ? ಅದರ ಬೆನ್ನಿಗೇ ಇನ್ನೊಂದು: ಎಷ್ಟು ಕಿಲೋಮೀಟರ್ ಬರುತ್ತೆ?

ನಾನು ಒಂಟಾರಿಯೊದ ವಾಟರ್‌ಲೂನಲ್ಲಿ ಇದ್ದೇನೆ. ವರ್ಷಕ್ಕೆ ಸುಮಾರು 18,000 ಕಿಲೋಮೀಟರ್ ಓಡಿಸುತ್ತೇನೆ. ಬಹುಪಾಲು 401 ಹೆದ್ದಾರಿಯಲ್ಲಿ, ಉಳಿದದ್ದು ಊರೊಳಗೆ. ಕಾರು ಫ್ರಂಟ್ ವೀಲ್ ಡ್ರೈವ್ ಸೆಡಾನ್. ಆಲ್ ವೆದರ್ ಸೆಟ್ ಹಾಕಿಸಿದ ದಿನದಿಂದ ಅದರ ಗೀರುಗಳ ಆಳ ಅಳೆದು ಬರೆದಿಡುತ್ತಾ ಬಂದಿದ್ದೇನೆ. ಹಾಗಾಗಿ ನನ್ನ ಹತ್ತಿರ ಈ ಪ್ರಶ್ನೆಗೆ ಎರಡು ಉತ್ತರ ಇವೆ. ಕಾನೂನಿನ ಲೆಕ್ಕದಲ್ಲಿ 90,000 ಕಿಲೋಮೀಟರ್ ಆಸುಪಾಸು. ಹಿಮದ ಮೇಲೆ ನಂಬಿಕೆಯಿಂದ ಓಡಿಸುವ ಲೆಕ್ಕದಲ್ಲಿ 50,000 ಆಸುಪಾಸು. ಎರಡೂ ಸರಿ. ಆದರೆ ಟೈರ್ ಕೊಳ್ಳುವಾಗ ನಮ್ಮ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಆಲ್ ಸೀಸನ್ ಬೇರೆ, ಆಲ್ ವೆದರ್ ಬೇರೆ. ಆಲ್ ಸೀಸನ್ ಟೈರಿನ ಪಕ್ಕದಲ್ಲಿ ಎಂ+ಎಸ್ (ಮಡ್, ಸ್ನೋ; ಕೆಸರು ಮತ್ತು ಹಿಮ) ಅಂತ ಇರುತ್ತದೆ. ಅದು ಮೇಲ್ಮೈಯ ವಿನ್ಯಾಸ ನೋಡಿ ಕೊಡುವ ಗುರುತು, ಹಿಮದ ಮೇಲೆ ಪರೀಕ್ಷೆ ಮಾಡಿ ಕೊಟ್ಟದ್ದಲ್ಲ. ಆಲ್ ವೆದರ್ ಟೈರಿನ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರ ಇರುತ್ತದೆ. ಗಟ್ಟಿಯಾದ ಹಿಮದ ಮೇಲೆ ಎಳೆಯುವ ಶಕ್ತಿಯನ್ನು ಅಳೆದು, ಗೊತ್ತಾದ ಮಟ್ಟ ದಾಟಿದರೆ ಮಾತ್ರ ಈ ಗುರುತು. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2, ಟೊಯೊ ಸೆಲ್ಸಿಯಸ್, ನೋಕಿಯನ್‌ನ ಡಬ್ಲ್ಯೂಆರ್ ಟೈರ್‌ಗಳು ಈ ಸಾಲಿನವು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ಈ ಗುರುತು ಇದ್ದರೆ ಆಲ್ ವೆದರ್ ಅಲ್ಲಿಯೂ ನಡೆಯುತ್ತದೆ.

ರಬ್ಬರಿನಲ್ಲೂ ವ್ಯತ್ಯಾಸ ಇದೆ. ತಾಪಮಾನ 7 ಡಿಗ್ರಿಗಿಂತ ಕೆಳಗೆ ಹೋದಂತೆ ಮಾಮೂಲಿ ಟೈರಿನ ರಬ್ಬರ್ ಬಿಗಿಯಾಗುತ್ತಾ ಹಿಡಿತ ಕಳೆದುಕೊಳ್ಳುತ್ತದೆ. ಆಲ್ ವೆದರ್ ರಬ್ಬರ್ ಮೈನಸ್‌ನಲ್ಲೂ ಮೆದುವಾಗಿ ಉಳಿಯಬೇಕು, ಜುಲೈನ ಬಿಸಿ ಡಾಂಬರಿನ ಮೇಲೆ ತೀರಾ ಬೇಗ ಸವೆಯಲೂ ಬಾರದು. ಇದರ ಬಾಳಿಕೆಯ ಕಥೆಯೆಲ್ಲ ಈ ಎರಡರ ನಡುವಿನ ಎಳೆದಾಟ.

ಈಗ ಅಳತೆಗೆ ಬರೋಣ. ಟ್ರೆಡ್ ಆಳ, ಅಂದರೆ ಟೈರಿನ ಮೇಲ್ಮೈಯ ಗೀರುಗಳ ಆಳ, ಅಳೆಯುವ ಗೇಜ್ ಕೆಲವೇ ಡಾಲರಿಗೆ ಸಿಗುತ್ತದೆ. ಪ್ರತಿ ಟೈರಿಗೂ ಮೂರು ಕಡೆ ಅಳೆಯುತ್ತೇನೆ: ಒಳಗಿನ ಗೀರು, ನಡುವಿನ ಗೀರು, ಹೊರಗಿನ ಗೀರು. ಗೀರಿನೊಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬ ಇರುತ್ತದೆ, ಸವೆತ ಗುರುತಿಸಲು ಇಟ್ಟದ್ದು. ಅದರ ಮೇಲೆ ಗೇಜ್ ಇಡಬಾರದು, ಅಳತೆ ತಪ್ಪು ಬರುತ್ತದೆ. ಓಡೋಮೀಟರ್ ಎಷ್ಟಿತ್ತು ಅನ್ನುವುದನ್ನೂ ಜೊತೆಗೆ ಫೋನಿನಲ್ಲಿ ಬರೆದುಕೊಳ್ಳುತ್ತೇನೆ. ಗೇಜ್ ಇಲ್ಲದವರು ಇಲ್ಲಿನ 2 ಡಾಲರ್ ನಾಣ್ಯವನ್ನೇ ಗೀರಿಗೆ ಇಳಿಸಿ ನೋಡುತ್ತಾರೆ. ಬೆಳ್ಳಿ ಬಣ್ಣದ ಹೊರ ಅಂಚು ಮುಳುಗಿ ನಡುವಿನ ಚಿತ್ರದ ಕರಡಿಯ ಪಾದದವರೆಗೆ ರಬ್ಬರ್ ಬಂದರೆ ಟೈರ್ ಹೆಚ್ಚು ಕಡಿಮೆ ಹೊಸದು. ಅಂಚಿನ ಅಕ್ಷರಗಳವರೆಗೆ ಮಾತ್ರ ಬಂದರೆ ಅದರ ಕಾಲ ಮುಗಿದಿದೆ. ಅಂದಾಜಿಗೆ ಸಾಕು. ಆದರೆ ಯಾವ ವೇಗದಲ್ಲಿ ಸವೆಯುತ್ತಿದೆ ಅಂತ ತಿಳಿಯಬೇಕಾದರೆ ಗೇಜೇ ಬೇಕು.

ಹೊಸದರಲ್ಲಿ ನನ್ನ ಟೈರಿನ ಆಳ 8 ಮಿಲಿಮೀಟರ್ ಇತ್ತು. ಮೊದಲ 10,000 ಕಿಲೋಮೀಟರಿನಲ್ಲೇ ಹತ್ತಿರಹತ್ತಿರ 1 ಮಿಲಿಮೀಟರ್ ಹೋಯಿತು. ಇದನ್ನು ನೋಡಿ ಗಾಬರಿಯಾಗುವವರು ಬಹಳ ಜನ. ಇದೇ ಲೆಕ್ಕ ಮುಂದುವರಿಸಿದರೆ ಟೈರ್ ಬೇಗ ಮುಗಿಯುತ್ತದೆ ಅಂತ ಅನಿಸುತ್ತದೆ, ಅಲ್ವಾ? ಆದರೆ ಸವೆತ ಹಾಗೆ ಒಂದೇ ಸಮ ನಡೆಯುವುದಿಲ್ಲ. ಹೊಸ ಟೈರಿನ ರಬ್ಬರ್ ತುಂಡುಗಳು ಎತ್ತರವಾಗಿರುತ್ತವೆ. ಅವುಗಳ ಮೈತುಂಬಾ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿರುತ್ತವೆ, ಹಿಮ ಹಿಡಿಯುವುದಕ್ಕೆ. ಎತ್ತರ ಜಾಸ್ತಿ, ಸೀಳು ಜಾಸ್ತಿ ಇದ್ದಾಗ ತುಂಡು ರಸ್ತೆಯ ಮೇಲೆ ಬಾಗಿ ತಿಕ್ಕುತ್ತದೆ. ಸವೆದು ಗಿಡ್ಡವಾದಂತೆ ಗಟ್ಟಿಯಾಗಿ ನಿಲ್ಲುತ್ತದೆ, ತಿಕ್ಕಾಟ ಕಡಿಮೆಯಾಗುತ್ತದೆ. ನನ್ನ ಟೈರಿನಲ್ಲಿ ಆಮೇಲೆ ಪ್ರತಿ 10,000 ಕಿಲೋಮೀಟರಿಗೆ 0.6ರಿಂದ 0.7 ಮಿಲಿಮೀಟರಿಗೆ ಬಂದು ನಿಂತಿತು.

ಇದರ ಮೇಲೆ ಲೆಕ್ಕ ಹಾಕಿ. ಸವೆತದ ದಿಬ್ಬ ಮೇಲ್ಮೈಗೆ ಸಮ ಬರುವುದು 1.6 ಮಿಲಿಮೀಟರಿನಲ್ಲಿ, ಮೊದಲು ಹೇಳಿದ ಕಾನೂನಿನ ಲೆಕ್ಕ ಇದೇ. ಅಲ್ಲಿಯವರೆಗೆ ಓಡಿಸಿದರೆ 90,000 ದಾಟುತ್ತದೆ. ಆದರೆ ಹಿಮದ ಮೇಲೆ ಟೈರ್ ಕೆಲಸ ಮಾಡುವ ಬಗೆಯೇ ಬೇರೆ. ಗೀರಿನೊಳಗೆ ಹಿಮ ಒತ್ತಿ ತುಂಬಿಕೊಳ್ಳಬೇಕು. ಆ ತುಂಬಿದ ಹಿಮ ರಸ್ತೆಯ ಹಿಮವನ್ನು ಹಿಡಿಯಬೇಕು. ಗೀರು ಆಳ ಕಳೆದುಕೊಂಡರೆ ತುಂಬಿಕೊಳ್ಳಲು ಜಾಗ ಇಲ್ಲ. ಅರ್ಧ ಕರಗಿದ ಹಿಮದ ಕೆಸರಿದ್ದರೆ ಇನ್ನೂ ಕಷ್ಟ, ಅದು ಹೊರಗೆ ಹೋಗುವ ದಾರಿಯೇ ಇರುವುದಿಲ್ಲ. ಅದಕ್ಕೇ ಕೆನಡಾ ಸರ್ಕಾರದ ಸಾರಿಗೆ ಇಲಾಖೆ, 4 ಮಿಲಿಮೀಟರಿನ ಹತ್ತಿರಕ್ಕೆ ಸವೆದ ಟೈರನ್ನು ಹಿಮದ ರಸ್ತೆಗೆ ಇಳಿಸಬೇಡಿ ಅನ್ನುತ್ತದೆ. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ರಸ್ತೆಗಳಲ್ಲಿ ಚಳಿಗಾಲಕ್ಕೆ ಕನಿಷ್ಠ 3.5 ಮಿಲಿಮೀಟರ್ ಇರಲೇಬೇಕು. ನಾನು 4.5 ಅಂತ ಇಟ್ಟುಕೊಂಡಿದ್ದೇನೆ. 8ರಿಂದ 4.5ಕ್ಕೆ ಇಳಿಯಲು ನನಗೆ ಬೇಕಾಗುವುದು 50,000 ಕಿಲೋಮೀಟರ್ ಆಸುಪಾಸು, ಅಂದರೆ ಮೂರು ಚಳಿಗಾಲ.

ಟೈರಿನ ಮೇಲಿನ ಬೆಟ್ಟ ಮತ್ತು ಹಿಮದ ಗುರುತು ಮಾತ್ರ ಎಲ್ಲಿಗೂ ಹೋಗುವುದಿಲ್ಲ. 2 ಮಿಲಿಮೀಟರಿಗೆ ಇಳಿದ ಟೈರಿನ ಪಕ್ಕದಲ್ಲೂ ಅದು ಹಾಗೇ ಇರುತ್ತದೆ. ಅದನ್ನು ನಂಬಿ ನಾಲ್ಕನೇ, ಐದನೇ ಚಳಿಗಾಲಕ್ಕೆ ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ವಾರಂಟಿಯ ವಿಷಯಕ್ಕೂ ಇದೇ ಅನ್ವಯಿಸುತ್ತದೆ. ಒಳ್ಳೆಯ ಆಲ್ ವೆದರ್ ಟೈರ್‌ಗಳಿಗೆ 60,000 ಮೈಲಿ, ಅಂದರೆ ಸುಮಾರು 96,000 ಕಿಲೋಮೀಟರ್ ಸವೆತದ ವಾರಂಟಿ ಇರುತ್ತದೆ. ಅದು 1.6 ಮಿಲಿಮೀಟರ್ ಮುಟ್ಟುವವರೆಗಿನ ಲೆಕ್ಕ. ನಾಲ್ಕೂ ಟೈರ್ ಸಮನಾಗಿ ಸವೆದಿರಬೇಕು, ಸಮಯಕ್ಕೆ ಸರಿಯಾಗಿ ಅದಲು ಬದಲು ಮಾಡಿಸಿದ ರಸೀದಿ ಇರಬೇಕು. ಎಲ್ಲ ಸರಿ ಇದ್ದರೂ ಸಿಗುವುದು ಉಳಿದ ಕಿಲೋಮೀಟರಿಗೆ ತಕ್ಕ ರಿಯಾಯಿತಿ. ರಸೀದಿ ಇಟ್ಟುಕೊಳ್ಳಿ, ಆದರೆ ವಾರಂಟಿ ನೋಡಿ ಚಳಿಗಾಲದ ಲೆಕ್ಕ ಹಾಕಬೇಡಿ.

ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ 600, 640 ಅಂತ ಒಂದು ಅಂಕಿಯೂ ಇರುತ್ತದೆ. ಟೆಕ್ಸಾಸ್‌ನ ಸ್ಯಾನ್ ಏಂಜೆಲೊ ಸುತ್ತಿನ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, 100 ಅಂಕದ ಒಂದು ಟೈರಿಗೆ ಹೋಲಿಸಿ ಕೊಡುವ ಅಂಕ ಇದು. ಕೊನೆಗೆ ಅಂಕ ಬರೆಯುವುದು ತಯಾರಕರೇ. ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಕಂಪನಿಗಳ ನಡುವೆ ನಾನು ಇದನ್ನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ.

ಇನ್ನು ಎಲ್ಲೆಲ್ಲಿ ಸವೆಯುತ್ತದೆ ಅನ್ನುವುದು. ಎಷ್ಟು ಸವೆಯುತ್ತದೆ ಅನ್ನುವುದಕ್ಕಿಂತ ನನಗೆ ಇದೇ ಮುಖ್ಯ ಅನಿಸುತ್ತದೆ. ಏಕೆಂದರೆ ಸೆಟ್ಟಿನ ಆಯಸ್ಸನ್ನು ನಿರ್ಧರಿಸುವುದು ಅತಿ ತೆಳುವಾದ ಜಾಗ.

ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಭಾರ ಹೊರುವುದು ಎಲ್ಲವೂ ಮುಂದಿನ ಟೈರೇ. ಅದು ಹಿಂದಿನದಕ್ಕಿಂತ ಬಹಳ ಬೇಗ ಸವೆಯುತ್ತದೆ. ಪ್ರತಿ 10,000 ಕಿಲೋಮೀಟರಿಗೆ, ಎಣ್ಣೆ ಬದಲಿಸುವಾಗಲೇ ನಾನು ಹಿಂದುಮುಂದು ಮಾಡಿಸುತ್ತೇನೆ. ನನ್ನ ಟೈರಿನ ವಿನ್ಯಾಸ ಬಾಣದ ತುದಿಯ ಹಾಗೆ ಒಂದೇ ದಿಕ್ಕಿಗೆ ಇದೆ. ಇಂಥದ್ದನ್ನು ಎಡದಿಂದ ಬಲಕ್ಕೆ ಹಾಕುವಂತಿಲ್ಲ, ಅದೇ ಬದಿಯಲ್ಲಿ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇರುತ್ತದೆ. ಅಂಗಡಿಯಿಂದ ಹೊರಡುವ ಮೊದಲು ನಾಲ್ಕೂ ಬಾಣ ನೋಡಿಯೇ ಹೊರಡುತ್ತೇನೆ.

ಹಿಂದಿನ ಟೈರ್ ಸುಮ್ನೆ ಉರುಳುತ್ತದೆ, ಅದಕ್ಕೇನಾಗುತ್ತದೆ ಅಂತ ಬಿಡುವ ಹಾಗಿಲ್ಲ. ಆಲ್ ವೆದರ್ ಟೈರಿನಲ್ಲಿ ಗರಗಸದಂಥ ಸವೆತ ಹಿಂದಿನದಕ್ಕೇ ಹೆಚ್ಚು. ಪ್ರತಿ ತುಂಡಿನ ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು. ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುತ್ತದೆ. ಅಂಗೈಯನ್ನು ಟೈರಿನ ಮೇಲೆ ಒಂದು ದಿಕ್ಕಿಗೆ ಸವರಿ, ಆಮೇಲೆ ವಿರುದ್ಧ ದಿಕ್ಕಿಗೆ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಬೆರಳು ತಡೆದರೆ ಅದೇ. 401ರಲ್ಲಿ 100ರ ವೇಗಕ್ಕೆ ಗುಂಯ್ ಅನ್ನುವ ಸದ್ದು ಬರುವುದು ಇದರಿಂದ. ಎಷ್ಟೋ ಜನ ವೀಲ್ ಬೇರಿಂಗ್ ಹೋಗಿದೆ ಅಂದುಕೊಳ್ಳುತ್ತಾರೆ. ಟೈರನ್ನು ಮುಂದಕ್ಕೆ ಹಾಕಿಸಿದ ಮೇಲೆ ನನ್ನದು ಕೆಲವು ಸಾವಿರ ಕಿಲೋಮೀಟರಿನಲ್ಲಿ ತಗ್ಗಿತು.

ಮಾರ್ಚ್, ಏಪ್ರಿಲ್ ಇಲ್ಲಿ ಗುಂಡಿಗಳ ಕಾಲ. ರಸ್ತೆಯ ಬಿರುಕಿನಲ್ಲಿ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ, ಹಗಲು ಕರಗುತ್ತದೆ, ಡಾಂಬರು ಕಿತ್ತು ಬರುತ್ತದೆ. ಒಂದು ವಸಂತದಲ್ಲಿ ಗುಂಡಿಗೆ ಬಿದ್ದ ಮೇಲೆ ನನ್ನ ಬಲ ಮುಂದಿನ ಟೈರಿನ ಒಳ ಗೀರು ಹೊರ ಗೀರಿಗಿಂತ ಹತ್ತಿರಹತ್ತಿರ 1 ಮಿಲಿಮೀಟರ್ ಕಡಿಮೆ ತೋರಿಸಿತು. ಸ್ಟಿಯರಿಂಗ್ ಎಳೆಯುತ್ತಿರಲಿಲ್ಲ. ನಿಂತು ನೋಡಿದರೆ ಕಾಣುವುದೂ ಇಲ್ಲ, ಏಕೆಂದರೆ ತಿಂದಿರುವುದು ಒಳಗಡೆ. ಮೂರು ಕಡೆ ಅಳೆಯದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ಅಲ್ಲಿಗೆ ನಿಂತಿತು. ಹೋದ ರಬ್ಬರ್ ಮಾತ್ರ ಬರಲಿಲ್ಲ. ಈಗ ಪ್ರತಿ ವಸಂತದಲ್ಲಿ, ಗುಂಡಿಗಳನ್ನು ಮುಚ್ಚಿದ ಮೇಲೆ, ಒಮ್ಮೆ ಅಲೈನ್‌ಮೆಂಟ್ ಪರೀಕ್ಷೆ ಮಾಡಿಸುತ್ತೇನೆ.

ಗಾಳಿಯ ವಿಷಯ ಎಲ್ಲರಿಗೂ ಗೊತ್ತು. ಕಡಿಮೆ ಇದ್ದರೆ ಎರಡೂ ಅಂಚು ತಿನ್ನುತ್ತದೆ, ಜಾಸ್ತಿ ಇದ್ದರೆ ನಡು ತಿನ್ನುತ್ತದೆ. ಚಳಿ ದೇಶದಲ್ಲಿ ಇನ್ನೊಂದು ಸೇರಿಸಿಕೊಳ್ಳಬೇಕು: ತಾಪಮಾನ 5–6 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರಿನ 15 ಡಿಗ್ರಿಯಲ್ಲಿ 33 ತುಂಬಿಸಿದ್ದು ಜನವರಿಯ ಮೈನಸ್ 20ರಲ್ಲಿ ತನ್ನಷ್ಟಕ್ಕೆ 27ಕ್ಕೆ ಬರುತ್ತದೆ. ಕಾರಿನ ಎಚ್ಚರಿಕೆ ದೀಪ ಸಾಮಾನ್ಯವಾಗಿ ಕಾಲು ಭಾಗ ಇಳಿದ ಮೇಲಷ್ಟೇ ಹತ್ತುತ್ತದೆ, ಹಾಗಾಗಿ ಅದನ್ನು ಕಾಯಬಾರದು.

ಅತಿ ಹೆಚ್ಚು ಸವೆಯುವುದು ಚಳಿಗಾಲದಲ್ಲಿ ಅಂತ ಬಹಳ ಜನ ನಂಬಿದ್ದಾರೆ. ನನ್ನ ಟಿಪ್ಪಣಿಯಲ್ಲಿ ಉಲ್ಟಾ ಇದೆ. ತಣ್ಣಗಿನ, ಒದ್ದೆಯಾದ, ಹಿಮದ ರಸ್ತೆ ಟೈರನ್ನು ಅಷ್ಟು ತಿನ್ನುವುದಿಲ್ಲ. ರಬ್ಬರನ್ನು ತಿನ್ನುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ಬಿಸಿ ರಸ್ತೆ. ಚಳಿಗಾಲಕ್ಕೆ ಅಂತ ಕೊಂಡ ಗೀರಿನ ಆಳವನ್ನು ನಾವು ಬೇಸಿಗೆಯಲ್ಲಿ ಖರ್ಚು ಮಾಡುತ್ತೇವೆ. ಎರಡು ಸೆಟ್ ಇಟ್ಟುಕೊಳ್ಳುವವರಿಗೆ ಈ ತೊಂದರೆ ಇಲ್ಲ. ಅವರಿಗೆ ವರ್ಷಕ್ಕೆ ಎರಡು ಸಲ ಬದಲಿಸುವ ಖರ್ಚು, ಅಪಾರ್ಟ್‌ಮೆಂಟಿನಲ್ಲಿದ್ದರೆ ಟೈರ್ ಇಡಲು ಜಾಗದ ಬಾಡಿಗೆ ಇರುತ್ತದೆ. ದಕ್ಷಿಣ ಒಂಟಾರಿಯೊದಲ್ಲಿ ಹಿಮ ಬಿದ್ದ ಕೆಲವೇ ಗಂಟೆಗಳಲ್ಲಿ ಮುಖ್ಯ ರಸ್ತೆ ಸ್ವಚ್ಛ ಮಾಡುತ್ತಾರೆ, ನನಗೆ ಆಲ್ ವೆದರ್ ಸಾಕು. ಉತ್ತರ ಒಂಟಾರಿಯೊದ ಸಡ್‌ಬರಿಯಲ್ಲೋ ಥಂಡರ್ ಬೇಯಲ್ಲೋ ಇದ್ದಿದ್ದರೆ ನಾನು ಯೋಚಿಸದೆ ನಿಜವಾದ ವಿಂಟರ್ ಟೈರ್ ಹಾಕಿಸುತ್ತಿದ್ದೆ. ಬೆಂಗಳೂರಿನಿಂದ ನಮ್ಮ ಭಾವ ಕೇಳಿದಾಗ ಮಾತ್ರ ನೇರವಾಗಿ ಹೇಳಿದೆ: ಅಲ್ಲಿ ಇದರ ಅಗತ್ಯವೇ ಇಲ್ಲ ಭಾವ, ಈ ರಬ್ಬರಿಗೆ ಕೆಲಸ ಇರುವುದು ನಿಮ್ಮ ಊರು ಕಾಣದ ಚಳಿಯಲ್ಲಿ.

ಕಡಿಮೆ ಓಡಿಸುವವರು ಕಿಲೋಮೀಟರ್ ಬಿಟ್ಟು ವಯಸ್ಸು ನೋಡಬೇಕು. ಮನೆಯಿಂದಲೇ ಕೆಲಸ ಮಾಡುವ ನಮ್ಮ ಸ್ನೇಹಿತರೊಬ್ಬರ ಟೈರಿನಲ್ಲಿ ಆಳ ಬೇಕಾದಷ್ಟಿದೆ, ಪಕ್ಕದಲ್ಲಿ ಸಣ್ಣ ಬಿರುಕು ಶುರುವಾಗಿದೆ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 3521 ಅಂದರೆ 2021ರ 35ನೇ ವಾರ. ಆರು ವರ್ಷ ದಾಟಿದರೆ ಆಳ ಎಷ್ಟೇ ಇದ್ದರೂ ಚಳಿಗಾಲಕ್ಕೆ ನಾನು ನಂಬುವುದಿಲ್ಲ.

ಇಷ್ಟೆಲ್ಲ ಅಳೆದ ಮೇಲೆ ನಾನು ಬದಲಿಸಿಕೊಂಡ ರೂಢಿ ಒಂದೇ. ಟೈರ್ ಕೊಳ್ಳುವುದು ಅಕ್ಟೋಬರಿನಲ್ಲಿ, ವಸಂತದಲ್ಲಿ ಅಲ್ಲ. ಮಾರ್ಚಿನಲ್ಲಿ ಅಳೆದಾಗ 5 ಮಿಲಿಮೀಟರ್ ಬಂದರೆ ಆ ಟೈರಿನ ಚಳಿಗಾಲ ಮುಗಿಯಿತು ಅಂತ ಲೆಕ್ಕ, ಆದರೆ ಒಂದು ಬೇಸಿಗೆ ಪೂರ್ತಿ ಅದರಲ್ಲಿ ಉಳಿದಿದೆ. ಆ ಬೇಸಿಗೆ ಅದರ ಮೇಲೇ ಓಡಿಸಿ, ಹೊಸ ಸೆಟ್ಟಿನ 8 ಮಿಲಿಮೀಟರನ್ನು ನೇರವಾಗಿ ಹಿಮಕ್ಕೆ ಇಳಿಸುತ್ತೇನೆ. ಏಪ್ರಿಲಿನಲ್ಲಿ ಹಾಕಿಸಿದರೆ ಬೇಗ ಸವೆಯುವ ಆ ಮೊದಲ ಮಿಲಿಮೀಟರ್ ಬಿಸಿ ಡಾಂಬರಿನ ಪಾಲಾಗುತ್ತದೆ. ನವೆಂಬರ್ ಮೊದಲ ಹಿಮಕ್ಕೆ ಅಂಗಡಿಗಳಲ್ಲಿ ವಾರಗಟ್ಟಲೆ ಕಾಯಬೇಕಾಗುತ್ತದೆ, ಆದ್ದರಿಂದ ಸೆಪ್ಟೆಂಬರ್ ಕೊನೆಗೇ ಸಮಯ ಗೊತ್ತು ಮಾಡಿಕೊಳ್ಳುತ್ತೇನೆ.