ಹಳೆಯ ಬುಲೆಟ್‌ಗೆ ಸೈಡ್‌ಕಾರ್ ಜೋಡಿಸುವಾಗ ಚಕ್ರದ ನೇರ ನೋಡುವ ಬಗೆ

ಹಳೆಯ ಬುಲೆಟ್‌ಗೆ ಎಡಬದಿಯಲ್ಲಿ ಸೈಡ್‌ಕಾರ್ (ಒಂಟಿ ಚಕ್ರದ ಪಕ್ಕದ ಆಸನ) ಜೋಡಿಸುವವರು ಬೋಲ್ಟ್‌ಗಳನ್ನು ಪೂರ್ತಿ ಬಿಗಿಯುವ ಮುನ್ನ, ನೇರವಾದ ಎರಡು ಅಲ್ಯೂಮಿನಿಯಂ ಪೈಪುಗಳನ್ನು ಇಟ್ಟಿಗೆಗಳ ಮೇಲಿಟ್ಟು, ಒಂದನ್ನು ಬೈಕಿನ ಎರಡೂ ಟೈರುಗಳ ಬಲಬದಿಗೆ, ಇನ್ನೊಂದನ್ನು ಸೈಡ್‌ಕಾರ್ ಟೈರಿನ ಎಡಬದಿಗೆ ತಾಗಿಸಿ, ಮುಂದಿನ ಚಕ್ರದ ಮುಂದೆಯೂ ಹಿಂದಿನ ಚಕ್ರದ ಹಿಂದೆಯೂ ಅವುಗಳ ನಡುವಿನ ಅಂತರ ಅಳೆಯಿರಿ. ಮುಂಭಾಗದ ಅಳತೆ ಹಿಂಭಾಗದ್ದಕ್ಕಿಂತ ಸುಮಾರು 15ರಿಂದ 20 ಮಿ.ಮೀ. ಕಡಿಮೆ ಬರಬೇಕು. ಮೂರನೆಯ ಚಕ್ರದ ಎಳೆತ ಗಾಡಿಯನ್ನು ಎಡಕ್ಕೆ ತಿರುಗಿಸುವುದರಿಂದ, ಆ ಚಕ್ರ ತುಸು ಒಳಮುಖವಾಗಿದ್ದರೆ ಹ್ಯಾಂಡಲ್ ಹಿಡಿಯುವ ಶ್ರಮ ಇಳಿಯುತ್ತದೆ. ಅತಿಯಾದರೆ ಟೈರು ಬೇಗ ಸವೆಯುತ್ತದೆ. ನಮ್ಮ ಕಲಬುರಗಿಯ ಮನೆಗಳ ಶಹಾಬಾದ್ ಕಲ್ಲಿನ ಸಮತಟ್ಟಾದ ನೆಲ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ನೀರು ಹರಿಯಲೆಂದು ಇಳಿಜಾರು ಕೊಟ್ಟ ಅಂಗಳ ಬೇಡ. ರಿಮ್ ಡೊಂಕಾಗಿದ್ದರೆ ಅಥವಾ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಬುಷ್ ಸಡಿಲವಾಗಿದ್ದರೆ ಈ ಅಳತೆ ಸುಳ್ಳಾಗುತ್ತದೆ.